ರಾಜ್ಯೋತ್ಸವದ ಟೀ ಶರ್ಟ್: ಕಾಟನ್‌ಪೇಟೆಯ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಹೇಗಿದೆ?

ನವೆಂಬರ್ 1ಕ್ಕೆ ಟೀ ಶರ್ಟ್ ಮಾಡಿಸೋ ಆಲೋಚನೆ ಇದ್ದರೆ ಅಕ್ಟೋಬರ್ ಶುರುವಿನಲ್ಲೇ ಆರ್ಡರ್ ಕೊಟ್ಟುಬಿಡಿ. ಆಮೇಲೆ ಹೋದರೆ ಎಲ್ಲ ಕಡೆ "ನಾಳೆ ಬನ್ನಿ" ಅನ್ನೋದೇ ಉತ್ತರ. ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗಕ್ಕೆ ಈ ಸಲ ಬೆಂಗಳೂರಿನ ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ ಮಾಡಿಸಿದೆವು. "ಹೆಸರು ಮಾತ್ರ ಹಾಕಬೇಡಿ ಮೇಡಂ, ಇರೋ ಕೆಲಸಾನೇ ಮುಗೀತಿಲ್ಲ" ಅಂತ ಅಂಗಡಿಯವರೇ ಹೇಳಿದ್ದರಿಂದ ಹೆಸರು ಬರೆಯುತ್ತಿಲ್ಲ. ಕೆಲಸ ಚೆನ್ನಾಗಿದೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ನಮ್ಮದು 60 ಹಳದಿ ಟೀ ಶರ್ಟ್, ಎದೆ ಮೇಲೆ ಕೆಂಪು ಪ್ರಿಂಟ್. ಜೊತೆಗೆ ಸ್ವಯಂಸೇವಕರಿಗೆ 10 ಕಪ್ಪು ಟೀ ಶರ್ಟ್, ಅದೇ ಡಿಸೈನ್ ಹಳದಿಯಲ್ಲಿ. ಬಟ್ಟೆ ತಿರುಪ್ಪೂರಿನದು, ಪೂರ್ತಿ ಕಾಟನ್, 180 ಜಿಎಸ್‌ಎಂ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. 140-150ರದ್ದು ಕೈಗೆ ತೆಳ್ಳಗೆ ಸಿಗುತ್ತೆ, ಹಳದಿಯಲ್ಲಂತೂ ಒಳಗಿನ ಬನಿಯನ್ ಕಾಣುತ್ತೆ. ಅಗ್ಗ ಅಂತ ಅದಕ್ಕೆ ಹೋಗಬೇಡಿ.

ರೇಟಿನ ಲೆಕ್ಕ ಮೊದಲು ತಿಳ್ಕೊಂಡು ಹೋದರೆ ಚೌಕಾಸಿ ಸುಲಭ. ಪ್ರತಿ ಬಣ್ಣಕ್ಕೂ ಒಂದು ಸ್ಕ್ರೀನ್ (ಇಂಕು ಇಳಿಸೋ ಜಾಲರಿಯ ಅಚ್ಚು) ಬೇಕು, ಆ ಸ್ಕ್ರೀನ್ ಮಾಡೋ ಖರ್ಚು ಒಂದು ಶರ್ಟಿಗೂ ಅಷ್ಟೇ, ಐನೂರು ಶರ್ಟಿಗೂ ಅಷ್ಟೇ. ನಮಗೆ ಸ್ಕ್ರೀನಿಗೆ 300 ರೂಪಾಯಿ, ಪ್ರಿಂಟಿಗೆ ಶರ್ಟೊಂದಕ್ಕೆ 20 ಅಂದರು. ಅರವತ್ತು ಶರ್ಟಿಗೆ ಹಂಚಿದರೆ ಸ್ಕ್ರೀನಿನ ಪಾಲು ತಲಾ ಐದು ರೂಪಾಯಿ. ಇದೇ ಕೆಲಸ ಆರು ಶರ್ಟಿಗೆ ಮಾಡಿಸಿದ್ದರೆ ಐವತ್ತು! ಅದಕ್ಕೇ ನಾಲ್ಕೈದು ಪೀಸ್ ಕೇಳಿದರೆ ಈ ಅಂಗಡಿಯವರು ಮುಖ ಸಿಂಡರಿಸೋದು. ಮೂರು ಬಣ್ಣ, ನಾಲ್ಕು ಬಣ್ಣ ಅಂತ ಡಿಸೈನ್ ಬೆಳೆಸುತ್ತಾ ಹೋದರೆ ಸ್ಕ್ರೀನುಗಳೂ ಬೆಳೀತವೆ, ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಿಸೋ ತಲೆನೋವೂ ಬೆಳೆಯುತ್ತೆ.

ನನಗೆ ಇಷ್ಟವಾಗಿದ್ದು ಅಂಗಡಿಯ ಅಣ್ಣ ನಮ್ಮ ಡಿಸೈನಿನ ಫೈಲ್ ನೋಡಿದ ರೀತಿ. ಬೇರೆಯವರು ಫೈಲ್ ಇಸ್ಕೊಂಡು ಅಡ್ವಾನ್ಸ್ ಕೇಳ್ತಾರೆ. ಇವರು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಒಂದೊಂದೇ ಅಕ್ಷರ ನೋಡಿದರು. ಮೊದಲ ಪ್ರಶ್ನೆಯೇ "ಕರ್ವ್ಸ್ ಮಾಡಿದ್ದೀರಾ?" ಅಂತ. ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರೀ ಗೆರೆಗಳ ಆಕಾರಕ್ಕೆ, ಬದಲಾಯಿಸದೆ ಕೊಟ್ಟರೆ, ನಿಮ್ಮ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆಮೇಲೆ ಕೆಳಗಿನ ಸಣ್ಣ ಸಾಲಿನಲ್ಲಿದ್ದ ನಮ್ಮ ಬಳಗದ ಹೆಸರಿನ ಮೇಲೆ ಬೆರಳಿಟ್ಟರು. ಅದರಲ್ಲೊಂದು ಧ ಇದೆ. "ಈ ಸೈಜಿಗೆ ಇಂಕು ಹರಡಿ ಕೆಳಗಿನ ಗೀಟು ಅಂಟಿಕೊಳ್ಳುತ್ತೆ ಮೇಡಂ, ಓದೋರಿಗೆ ದ ಕಾಣುತ್ತೆ" ಅಂತ ಹೇಳಿ ಅಕ್ಷರ ಸ್ವಲ್ಪ ದೊಡ್ಡದು ಮಾಡಿಸಿದರು. ಕನ್ನಡ ಟೀ ಶರ್ಟಿನ ಮೇಲೆ ಕಾಗುಣಿತ ತಪ್ಪಿದರೆ ನಮ್ಮ ಬಳಗದ ಹಿರಿಯರು ಸುಮ್ನೆ ಬಿಡ್ತಾರಾ?

ಸ್ಕ್ರೀನ್ ಮಾಡೋದನ್ನೂ ನಿಂತು ನೋಡಿದೆ. ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿದ ಪಾಲಿಯೆಸ್ಟರ್ ಜಾಲರಿ, ಅದರ ಮೇಲೆ ಬೆಳಕಿಗೆ ಗಟ್ಟಿಯಾಗೋ ಎಮಲ್ಷನ್ ಸವರಿ ಕತ್ತಲಲ್ಲಿ ಒಣಗಿಸಿರುತ್ತಾರೆ. ಡಿಸೈನನ್ನು ಪಾರದರ್ಶಕ ಫಿಲ್ಮಿನ ಮೇಲೆ ಕಡುಕಪ್ಪಾಗಿ ಪ್ರಿಂಟ್ ತೆಗೆದು, ಜಾಲರಿಗೆ ಒತ್ತಿ ಹಿಡಿದು ಜೋರು ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲೆಲ್ಲ ಎಮಲ್ಷನ್ ಗಟ್ಟಿ. ಕಪ್ಪಿನ ಮರೆಯಲ್ಲಿದ್ದದ್ದು ಮೆತ್ತಗೇ ಉಳಿದು, ನೀರು ಹೊಡೆದಾಗ ತೊಳೆದು ಹೋಗುತ್ತೆ. ನೀರು ಬಿದ್ದ ಹಾಗೆ ಬರೀ ಹಸಿರು ಹಲಗೆಯಂತಿದ್ದ ಸ್ಕ್ರೀನಿನಲ್ಲಿ ಒಂದೊಂದೇ ಅಕ್ಷರ ತೆರೆದುಕೊಂಡು ಆಚೆ ಕಡೆಯ ಬೆಳಕು ಕಾಣೋಕೆ ಶುರುವಾಯ್ತು. ಅದನ್ನು ನೋಡೋಕಾದ್ರೂ ಒಂದ್ಸಲ ಹೋಗಿ.

ಆಮೇಲೆ ಕೆಲಸ ಸ್ಕ್ವೀಜಿಯದು. ಮರದ ಹಿಡಿಗೆ ಸಿಕ್ಕಿಸಿದ ರಬ್ಬರ್ ಪಟ್ಟಿ. ಇಂಕು ಸುರಿದು ಒಂದೇ ಒತ್ತಡದಲ್ಲಿ ಎಳೆಯಬೇಕು. ಹುಡುಗ ಎಳೆದು, ಸ್ಕ್ರೀನ್ ಎತ್ತಿ, ಮುಂದಿನ ಶರ್ಟಿಗೆ ಹೋಗೋದು ಎಷ್ಟು ಬೇಗ ಅಂದರೆ ಮಾತಾಡಿಸೋಕೂ ಸಂಕೋಚ.

ಹಳದಿ ಬಟ್ಟೆ ಮೇಲೆ ಕೆಂಪು ಸಲೀಸು. ಆದರೂ ಮೊದಲ ಸ್ಯಾಂಪಲ್ ಸ್ವಲ್ಪ ಕಿತ್ತಳೆ ಕಡೆ ವಾಲಿತ್ತು, ಕೆಳಗಿನ ಹಳದಿ ಹಣಕಿ ನೋಡ್ತಿತ್ತು. ನಾನು ಹೇಳೋ ಮೊದಲೇ ಅವರೇ ಇಂಕು ಬದಲಾಯಿಸಿ ಇನ್ನೊಂದು ತೋರಿಸಿದರು. ಕಪ್ಪು ಶರ್ಟಿನದು ಬೇರೆ ಕಥೆ. ಕಪ್ಪಿನ ಮೇಲೆ ನೇರ ಹಳದಿ ಎಳೆದರೆ ಮಂಕಾಗಿ, ಪಾಚಿ ಬಣ್ಣಕ್ಕೆ ತಿರುಗುತ್ತೆ. ಅದಕ್ಕೆ ಮೊದಲು ಬಿಳಿ ಬೇಸ್ ಎಳೆದು, ಬಿಸಿ ಕೊಟ್ಟು ಸ್ವಲ್ಪ ಒಣಗಿಸಿ, ಅದರ ಮೇಲೆ ಹಳದಿ. ಕೆಲಸ ಎರಡರಷ್ಟು, ಹಾಗಾಗಿ ಕಪ್ಪು ಶರ್ಟಿಗೆ ರೇಟೂ ಜಾಸ್ತಿ. ಇದು ಮೋಸ ಅಲ್ಲ.

ಹಿಂದೊಮ್ಮೆ ಬೇರೆ ಅಂಗಡಿಯಲ್ಲಿ ನಮ್ಮ ಕ್ರಿಕೆಟ್ ಟೀಮಿಗೆ ಕೆಂಪು ಪಾಲಿಯೆಸ್ಟರ್ ಜೆರ್ಸಿ ಮೇಲೆ ಬಿಳಿ ಹೆಸರು ಹಾಕಿಸಿದ್ದೆವು. ಕೈಗೆ ಬಂದಾಗ ಬೆಳ್ಳಗೇ ಇತ್ತು, ದಿನ ಕಳೆದ ಹಾಗೆ ಗುಲಾಬಿ ಆಯ್ತು. ಅವರು ನಿಮ್ಮ ಸೋಪು ಸರಿ ಇಲ್ಲ ಅಂದುಬಿಟ್ಟರು. ಅದನ್ನು ಇಲ್ಲಿ ಹೇಳಿದೆ. ಪಾಲಿಯೆಸ್ಟರಿಗೆ ಹಾಕಿದ ಬಣ್ಣ ಬಿಸಿಗೆ ಎದ್ದು ಮೇಲಿನ ಇಂಕಿನೊಳಗೆ ಸೇರುತ್ತೆ, ಅದನ್ನು ತಡೆಯೋ ಇಂಕೇ ಬೇರೆ, ಬಿಸಿಯೂ ಕಮ್ಮಿ ಇರಬೇಕು ಅಂತ ವಿವರಿಸಿದರು. ಪಾಪ ಸೋಪಿನದೇನೂ ತಪ್ಪಿರಲಿಲ್ಲ.

ಪ್ರಿಂಟ್ ಬಾಳೋದು ಕೊನೆಯ ಬಿಸಿಯ ಮೇಲೆ. ಪ್ಲಾಸ್ಟಿಸಾಲ್ ಅನ್ನೋ ಪ್ಲಾಸ್ಟಿಕ್ ಬೆರೆತ ಇಂಕು ತಾನಾಗಿ ಒಣಗೋದೇ ಇಲ್ಲ, ಸಾಮಾನ್ಯವಾಗಿ 160 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಕೊಡಬೇಕು, ಅದೂ ಇಂಕಿನ ಪದರ ಪೂರ್ತಿ ಬಿಸಿಯಾಗಬೇಕು. ಮುಟ್ಟಿದರೆ ಒಣಗಿದ ಹಾಗಿದ್ದು ಒಳಗೆ ಹಸಿ ಉಳಿದರೆ ನಾಲ್ಕು ಒಗೆತಕ್ಕೆ ಬಿರುಕು. ಡೆಲಿವರಿ ತಗೊಳ್ಳೋವಾಗ ಪ್ರಿಂಟ್ ಇರೋ ಜಾಗವನ್ನು ಎರಡೂ ಕೈಲಿ ಮೆಲ್ಲಗೆ ಹಿಗ್ಗಿಸಿ ನೋಡಿ. ನಮ್ಮದು ಬಿರುಕು ಬಿಡಲಿಲ್ಲ, ವಾಷಿಂಗ್ ಮಷೀನಿನಲ್ಲಿ ಹಲವು ಸಲ ತಿರುಗಿದ ಮೇಲೂ ಗಟ್ಟಿಯಾಗಿದೆ. ಒಳಮಗ್ಗುಲು ಹೊರಗೆ ಮಾಡಿ ಒಗೆಯಿರಿ, ಪ್ರಿಂಟ್ ಮೇಲೆ ಇಸ್ತ್ರಿ ಇಡಬೇಡಿ.

ಈಗ ಬೇಜಾರಿನ ವಿಷಯ. ಸೋಮವಾರ ಅಂದವರು ಗುರುವಾರ ಕೊಟ್ಟರು, ಮಧ್ಯೆ ಫೋನ್ ಎತ್ತಲಿಲ್ಲ. ಎಕ್ಸ್ಎಲ್ ಸೈಜಿನ ಎರಡು ಶರ್ಟಿನಲ್ಲಿ ಪ್ರಿಂಟ್ ಒಂದು ಬೆರಳಷ್ಟು ಓರೆ ಇತ್ತು, ತೋರಿಸಿದ ಮೇಲೆ ಗೊಣಗದೆ ಬೇರೆ ಮಾಡಿಕೊಟ್ಟರು ಅನ್ನಿ. ಸೈಜಿನ ಸ್ಯಾಂಪಲ್ ಶರ್ಟ್ ಮನೆಗೆ ಕೊಡಲ್ಲ, ಅಲ್ಲೇ ನಿಂತು ಹಾಕಿ ನೋಡಬೇಕು. ಕನ್ನಡಿ ಕೂಡ ಇಲ್ಲ. ಗಾಡಿ ನಿಲ್ಲಿಸೋಕೆ ಜಾಗವಂತೂ ಕೇಳಲೇಬೇಡಿ, ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದುಕೊಂಡೇ ಹೋಗಿ.

ಹುಟ್ಟುಹಬ್ಬಕ್ಕೆ ಒಂದೆರಡು ಶರ್ಟ್, ಅದರಲ್ಲಿ ಮಗುವಿನ ಫೋಟೊ, ಅಂಥದ್ದಕ್ಕೆ ಇಲ್ಲಿಗೆ ಬರಬೇಡಿ. ಅದಕ್ಕೆ ಡಿಟಿಎಫ್ (ಡಿಸೈನನ್ನು ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು ಬಿಸಿಯಿಂದ ಬಟ್ಟೆಗೆ ಅಂಟಿಸೋದು) ಮಾಡೋರು ಈಗ ಬಡಾವಣೆಗೊಬ್ಬರಿದ್ದಾರೆ, ಸ್ಕ್ರೀನ್ ಖರ್ಚಿಲ್ಲ, ಬಣ್ಣ ಎಷ್ಟಿದ್ದರೂ ನಡೆಯುತ್ತೆ. ಎದೆ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ ಅನಿಸೋದನ್ನ ಸಹಿಸ್ಕೋಬೇಕು ಅಷ್ಟೇ. ಐವತ್ತರ ಮೇಲೆ, ಒಂದೆರಡು ಬಣ್ಣ ಅಂದರೆ ಮಾತ್ರ ಕಾಟನ್‌ಪೇಟೆ.

ದುಡ್ಡು ಕೊಟ್ಟು ಬರೋವಾಗ ಫಿಲ್ಮ್ ಕೇಳಿ ಇಸ್ಕೊಳ್ಳಿ. ಎಮಲ್ಷನ್ ಅಳಿಸಿ ಅದೇ ಜಾಲರಿಗೆ ಬೇರೆಯವರ ಡಿಸೈನ್ ಹಾಕಿಬಿಡ್ತಾರೆ, ಸ್ಕ್ರೀನ್ ನಿಮಗೋಸ್ಕರ ಕಾಯ್ದುಕೊಂಡು ಇರಲ್ಲ. ಫಿಲ್ಮ್ ಇದ್ದರೆ ಮುಂದಿನ ವರ್ಷ ಅಷ್ಟರಮಟ್ಟಿಗೆ ಖರ್ಚು ಉಳಿಯುತ್ತೆ, ಇಸವಿ ಹಾಕಿಸದಿದ್ದರೆ ಮಾತ್ರ.