ನಂಬರ್ ಚಿಕ್ಕದಿದ್ದರೆ ಕೋಲ್ಡ್ ಪ್ಲಗ್ ಅಂದುಕೊಂಡು ಪಿಸ್ಟನ್ ಸುಟ್ಟುಕೊಳ್ಳಬೇಡಿ

ಕೊಯ್ಲಿಗೆ ಮುಂಚೆ ಕಾಡು ಹೊಡೆಸುವ ದಿನಗಳಲ್ಲಿ ಕೊಡಗಿನ ತೋಟಗಳಲ್ಲಿ ಕಳೆ, ಹುಲ್ಲು ಕತ್ತರಿಸುವ ಬ್ರಷ್ ಕಟರ್‌ಗಳಿಗೆ ಬಿಡುವಿಲ್ಲ. ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ಹೀಗೆ ಓಡುತ್ತಿದ್ದ ಟೂ-ಸ್ಟ್ರೋಕ್ ಮೆಷಿನ್‌ನ ಪಿಸ್ಟನ್ ತಲೆಗೆ ಕಿರುಬೆರಳು ತೂರುವಷ್ಟು ತೂತು ಬಿದ್ದಿದೆ. ಮಾಡಿದ್ದು ಒಂದು ಸ್ಪಾರ್ಕ್ ಪ್ಲಗ್. ಡೂಪ್ಲಿಕೇಟ್ ಅಲ್ಲ, ಥ್ರೆಡ್ ಸರಿಯಾಗಿಯೇ ಕೂತಿತ್ತು, ಕಿಡಿಯೂ ಚೆನ್ನಾಗಿತ್ತು. ಅದರ ಮೇಲಿನ ಒಂದು ಅಂಕಿ ತಪ್ಪಾಗಿತ್ತು, ಅಷ್ಟೆ. ಬ್ರಷ್ ಕಟರ್, ಮರ ಕೊಯ್ಯುವ ಚೈನ್ ಸಾ, ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ಮೆಷಿನ್ ವಿಪರೀತ ಬಿಸಿಯಾಗುತ್ತದೆ ಅನ್ನುವುದು ಮೊದಲ ದೂರು. ಪೆಟ್ರೋಲ್ ತುಂಬಿಸಲು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಹತ್ತು ನಿಮಿಷ ಕಾಯಬೇಕಿತ್ತು. ಇನ್ನೊಂದು ಲಕ್ಷಣವೂ ಇತ್ತು: ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಕೂಡಲೇ ಇಳಿಯುತ್ತಿರಲಿಲ್ಲ, ಸ್ವಲ್ಪ ಹೊತ್ತು ಕೂಗಿಕೊಂಡೇ ಇರುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ತೋಟದ ರೈಟರ್‌ಗೆ (ಮೇಲ್ವಿಚಾರಕರಿಗೆ) ಸಿಕ್ಕ ಸಲಹೆ ಇಷ್ಟು: "ಕೋಲ್ಡ್ ಪ್ಲಗ್ ಹಾಕಿ ರೈಟ್ರೇ, ಇಂಜಿನ್ ತಣ್ಣಗಿರ್ತದೆ. ನಂಬರ್ ಕಮ್ಮಿಯಾದಷ್ಟೂ ಕೋಲ್ಡ್." ಎನ್‌ಜಿಕೆ ಕಂಪನಿಯ ಬಿಪಿಎಂಆರ್ 7ಎ ಇದ್ದ ಜಾಗಕ್ಕೆ ಬಿಪಿಎಂಆರ್ 4ಎ ಬಂತು. ಫುಲ್ ಥ್ರಾಟಲ್‌ನಲ್ಲಿ ಒಂದು ಟ್ಯಾಂಕ್ ಪೂರ್ತಿ ಮುಗಿಯಲಿಲ್ಲ, ಮೆಷಿನ್ ನಿಂತಿತು. ಹಗ್ಗ ಎಳೆದರೆ ಕಂಪ್ರೆಷನ್ನೇ ಇಲ್ಲ.

ಅಂಗಡಿಯವರ ಮಾತಿನಲ್ಲಿ ಎರಡು ತಪ್ಪುಗಳಿವೆ. ಎರಡೂ ನಮ್ಮ ಕಡೆ ದಿನನಿತ್ಯ ಕೇಳುವಂಥವು.

ಮೊದಲನೆಯದು ನಂಬರಿನ ಗೊಂದಲ. ತುದಿಯ ಶಾಖ ಬೇಗ ಬಿಟ್ಟುಕೊಡುವ ಪ್ಲಗ್ ಕೋಲ್ಡ್, ತುದಿ ಬಿಸಿಯಾಗಿಯೇ ಉಳಿಯುವುದು ಹಾಟ್. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್, ಚಿಕ್ಕದಾದಷ್ಟೂ ಹಾಟ್. ಡೆನ್ಸೊದಲ್ಲೂ ಹಾಗೆಯೇ, ಆದರೆ ಅಲ್ಲಿನ ಅಂಕಿಗಳು 16, 20, 22, 24 ಎಂದು ಹೋಗುತ್ತವೆ. ಎನ್‌ಜಿಕೆಯ 5, 6, 7, 8ಕ್ಕೆ ಅವು ಹೆಚ್ಚುಕಡಿಮೆ ಸಮ. ಬಾಷ್ ಮತ್ತು ಚಾಂಪಿಯನ್ ಪೂರ್ತಿ ಉಲ್ಟಾ: ಅಂಕಿ ದೊಡ್ಡದಾದಷ್ಟೂ ಹಾಟ್. ಬಾಷ್ ಪ್ಲಗ್ ಮಾರಿ ರೂಢಿಯಾದವರಿಗೆ "ಚಿಕ್ಕದು ಕೋಲ್ಡ್" ಅನ್ನುವುದು ನಾಲಿಗೆಯ ಮೇಲೆ ಕೂತುಬಿಟ್ಟಿರುತ್ತದೆ. ಅದೇ ಮಾತನ್ನು ಎನ್‌ಜಿಕೆಗೆ ಹಚ್ಚಿದರೆ ಬೆಂಕಿಗೆ ತುಪ್ಪ ಸುರಿದಂತೆ. ಇನ್ನೂ ಹಿಂದಕ್ಕೆ ಹೋದರೆ ಹಳೆಯ ಮೈಕೋ ಪ್ಲಗ್‌ಗಳ ಮೇಲೆ 145, 175, 225 ಎಂಬಂಥ ಮೂರಂಕಿ ಇರುತ್ತಿತ್ತು, ಅಲ್ಲಿ ದೊಡ್ಡದೇ ಕೋಲ್ಡ್! ಹಾಗಾಗಿ ಹಳಬರು ಹೇಳಿದ್ದೂ ಸುಳ್ಳಲ್ಲ, ಅವರು ನೋಡಿದ ಪ್ಲಗ್ ಬೇರೆ. ಹಲವು ಬ್ರಷ್ ಕಟರ್‌ಗಳ ಕೈಪಿಡಿಯಲ್ಲಿ ಒಂದೇ ಇಂಜಿನ್‌ಗೆ ಎನ್‌ಜಿಕೆ ಬಿಪಿಎಂಆರ್ 7ಎ ಅಥವಾ ಬಾಷ್ ಡಬ್ಲ್ಯೂಎಸ್‌ಆರ್ 6ಎಫ್ ಎಂದು ಎರಡನ್ನೂ ಕೊಟ್ಟಿರುತ್ತಾರೆ. ಒಂದರಲ್ಲಿ 7, ಇನ್ನೊಂದರಲ್ಲಿ 6. ಕಂಪನಿ ಬದಲಾದರೆ ಅಂಕಿಗೆ ಅಂಕಿ ಹೊಂದಿಸಲು ಹೋಗಲೇಬೇಡಿ, ಕೈಪಿಡಿಯನ್ನೋ ಪ್ಲಗ್ ಕಂಪನಿಯ ಪಟ್ಟಿಯನ್ನೋ ನೋಡಿ.

ಎರಡನೆಯ ತಪ್ಪು ಇನ್ನೂ ದೊಡ್ಡದು: ಕೋಲ್ಡ್ ಪ್ಲಗ್ ಇಂಜಿನ್ನನ್ನು ತಣ್ಣಗೆ ಮಾಡುತ್ತದೆ ಅನ್ನುವ ನಂಬಿಕೆ. ಮಾಡುವುದಿಲ್ಲ. ಒಳಗೆ ಪೆಟ್ರೋಲ್ ಉರಿದು ಹುಟ್ಟುವ ಶಾಖ ಯಾವ ಪ್ಲಗ್ ಹಾಕಿದರೂ ಅಷ್ಟೇ. ಹೀಟ್ ರೇಂಜ್ ಅಂದರೆ ಪ್ಲಗ್ ತನ್ನ ತುದಿಗೆ ತಾಗಿದ ಶಾಖವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಅನ್ನುವುದು. ಎರಡು ಪ್ಲಗ್‌ಗಳನ್ನು ತಲೆಕೆಳಗು ಹಿಡಿದು ಒಳಗೆ ಇಣುಕಿ ನೋಡಿ. ನಡುವಿನ ಬಿಳಿ ಪಿಂಗಾಣಿ ಮೂಗು ಒಂದರಲ್ಲಿ ಉದ್ದಕ್ಕೆ, ಆಳದಿಂದ ಎದ್ದು ಬಂದಿರುತ್ತದೆ. ಆ ಉದ್ದ ಮೂಗಿನ ತುದಿಯಿಂದ ಶಾಖ ಲೋಹದ ಕವಚ ಮುಟ್ಟಲು ದೂರ ಹೋಗಬೇಕು, ಆದ್ದರಿಂದ ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಗಿಡ್ಡ ಮೂಗಿನದು ಕೋಲ್ಡ್.

ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಮೇಲೆ ಕೂತ ಮಸಿ, ಆಯಿಲ್ ಉರಿದು ಹೋಗುತ್ತದೆ. 850ರ ಆಸುಪಾಸು ದಾಟಿದರೆ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಪ್ರಿ-ಇಗ್ನಿಷನ್ ಅನ್ನುವುದು ಇದನ್ನೇ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಉರಿ ಕೆಳಕ್ಕೆ ತಳ್ಳುತ್ತದೆ, ಶಾಖ ಇನ್ನಷ್ಟು ಏರುತ್ತದೆ, ತುದಿ ಇನ್ನಷ್ಟು ಬೇಗ ಹೊತ್ತಿಸುತ್ತದೆ. ಈ ಸುತ್ತಿಗೆ ಸಿಕ್ಕಿದ ಅಲ್ಯುಮಿನಿಯಂ ಪಿಸ್ಟನ್ ನಿಮಿಷಗಳಲ್ಲಿ ಕರಗುತ್ತದೆ. ಹೀಟ್ ರೇಂಜ್‌ನ ಒಂದು ಮೆಟ್ಟಿಲಿಗೆ ತುದಿಯ ಶಾಖ 70ರಿಂದ 100 ಡಿಗ್ರಿ ವ್ಯತ್ಯಾಸವಾಗುತ್ತದೆ. 7ರಿಂದ 4ಕ್ಕೆ ಬಂದದ್ದು ಮೂರು ಮೆಟ್ಟಿಲು. ಮೊದಲೇ ಅತಿಯಾಗಿ ಕಾಯುತ್ತಿದ್ದ ಇಂಜಿನ್‌ನ ಪ್ಲಗ್ ತುದಿಗೆ ಇನ್ನೂ 200 ಡಿಗ್ರಿಗಿಂತ ಹೆಚ್ಚು ಕೂಡಿಸಿದ ಹಾಗಾಯಿತು.

ಬಿಚ್ಚಿದ ಪ್ಲಗ್ ನೋಡಿದರೆ ಯಾರಿಗೂ ಅರ್ಥವಾಗುತ್ತಿತ್ತು. ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಾಗಿ ಗುಳ್ಳೆ ಎದ್ದಿತ್ತು. ಅದರ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಬಣ್ಣದ ಹನಿಗಳು, ಅವು ಪಿಸ್ಟನ್‌ನಿಂದ ಹಾರಿ ಅಂಟಿದ ಅಲ್ಯುಮಿನಿಯಂ. ಬಾಗಿದ ಅರ್ತ್ ಕಡ್ಡಿ ಅರ್ಧ ಕರಗಿತ್ತು. ಪಿಸ್ಟನ್‌ನ ತೂತು ನಟ್ಟನಡುವೆ ಇತ್ತು, ಅದು ಪ್ರಿ-ಇಗ್ನಿಷನ್‌ನ ಗುರುತು. ಆಯಿಲ್ ಕಮ್ಮಿಯಾಗಿ ಸೀಜ್ ಆಗಿದ್ದರೆ ಪಿಸ್ಟನ್‌ನ ಪಕ್ಕದಲ್ಲಿ ಉದ್ದಕ್ಕೆ ಗೀರುಗಳು ಎದ್ದು ಕಾಣುತ್ತಿದ್ದವು. ಪಿಸ್ಟನ್ ಒಂದನ್ನೇ ಬದಲಿಸಿ ಮುಗಿಸುವ ಹಾಗೂ ಇಲ್ಲ: ಕರಗಿದ ಚೂರುಗಳು ಕ್ರಾಂಕ್‌ಕೇಸ್‌ಗೆ ಇಳಿದಿರುತ್ತವೆ, ಬೇರಿಂಗ್ ತಿರುಗಿಸಿದರೆ ಮರಳು ಹಾಕಿದಂತೆ ಕರಕರ ಅನ್ನುತ್ತದೆ. ಅದನ್ನು ತೊಳೆಯದೆ, ಬೇರಿಂಗ್ ಬದಲಿಸದೆ ಹೊಸ ಪಿಸ್ಟನ್ ಹಾಕಿಸಿಕೊಂಡರೆ ಅದೂ ಹೋಗುತ್ತದೆ.

ಹಾಗಾದರೆ ಮೆಷಿನ್ ಮೊದಲಿಗೆ ಬಿಸಿಯಾಗುತ್ತಿದ್ದುದು ಯಾಕೆ? ಕವರ್ ತೆಗೆದಾಗ ಸಿಲಿಂಡರ್‌ನ ರೆಕ್ಕೆಗಳ ಸಂದಿ ಪೂರ್ತಿ ಹುಲ್ಲಿನ ಪುಡಿ ಮತ್ತು ಆಯಿಲ್ ಸೇರಿ ಸಗಣಿ ಮೆತ್ತಿದ ಹಾಗೆ ಗಟ್ಟಿಯಾಗಿತ್ತು. ಫ್ಯಾನಿನ ಗಾಳಿ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಜೊತೆಗೆ ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಒಂದು ಕಡೆ ಸೀಳಿತ್ತು. ಅಲ್ಲಿಂದ ಕಳ್ಳ ಗಾಳಿ ಎಳೆದುಕೊಂಡು ಮಿಶ್ರಣ ತೆಳ್ಳಗಾಗುತ್ತಿತ್ತು, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿಯಾಗುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ಕೂಗುತ್ತಿದ್ದುದು ಅದಕ್ಕೇ. ಈ ಲಕ್ಷಣ ಕಂಡ ಕೂಡಲೇ ಮೆಷಿನ್ ನಿಲ್ಲಿಸಿ, ಆರಿದ ಮೇಲೆ ಆ ರಬ್ಬರನ್ನು ಬೆರಳಿನಿಂದ ಬಾಗಿಸಿ ನೋಡಿ. ಸೀಳು ಬಾಗಿಸಿದಾಗ ಮಾತ್ರ ಕಾಣುತ್ತದೆ. ರೆಕ್ಕೆಗಳ ಸಂದಿಯನ್ನು ಮರದ ಕಡ್ಡಿ, ಬ್ರಷ್ಷಿನಲ್ಲಿ ಕೆರೆದು ತೆಗೆಯಿರಿ. ಕಾಡು ಹೊಡೆಯುವ ದಿನಗಳಲ್ಲಿ ಇದು ವಾರಕ್ಕೊಮ್ಮೆಯಾದರೂ ಆಗಲೇಬೇಕು.

ಈಗಿನ ಪೆಟ್ರೋಲಿನ ಎಥನಾಲ್ ಕೂಡ ಮಿಶ್ರಣವನ್ನು ಸ್ವಲ್ಪ ತೆಳ್ಳಗೆ ಮಾಡುತ್ತದೆ, ಮಳೆಗಾಲದ ತೇವವನ್ನೂ ಹೀರುತ್ತದೆ. ಟೂ-ಟಿ ಆಯಿಲ್ ಕಲಸಿದ ಪೆಟ್ರೋಲನ್ನು ಕ್ಯಾನಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟು ಮತ್ತೆ ಸುರಿಯಬೇಡಿ.

ಇದರ ವಿರುದ್ಧದ ತಪ್ಪೂ ಆಗುತ್ತದೆ, ಅಷ್ಟು ಅಪಾಯವಿಲ್ಲ. ಬೇಕಾದ್ದಕ್ಕಿಂತ ಕೋಲ್ಡ್ ಪ್ಲಗ್ ಹಾಕಿದರೆ ತುದಿ ಮಸಿ ಸುಟ್ಟುಕೊಳ್ಳುವಷ್ಟು ಕಾಯುವುದಿಲ್ಲ, ಕಿಡಿ ಮಸಿಯ ಮೇಲೆ ಹರಿದು ಸೋರಿಹೋಗುತ್ತದೆ, ಸ್ಟಾರ್ಟಿಂಗ್ ತೊಂದರೆ. ಇಲ್ಲೇ ಹಲವರು ಎಡವುತ್ತಾರೆ. ಪ್ಲಗ್ ಕಪ್ಪಾಗಿ ಒದ್ದೆಯಾಗಿದೆ ಎಂದು ಹಾಟ್ ಪ್ಲಗ್ ಕೇಳಿಕೊಂಡು ಬರುತ್ತಾರೆ. ಮೊದಲು ಆಯಿಲ್ ಅಳತೆ ನೋಡಿ. ಪೆಟ್ರೋಲ್-ಆಯಿಲ್ ಅಳತೆ 50:1 ಹೇಳಿದ ಮೆಷಿನ್‌ಗೆ ಲೀಟರಿಗೆ 20 ಮಿ.ಲೀ., 25:1 ಹೇಳಿದ್ದಕ್ಕೆ 40 ಮಿ.ಲೀ. ಮುಚ್ಚಳದ ಅಂದಾಜಿನಲ್ಲಿ ಸುರಿಯುವುದು ಬೇಡ, ಔಷಧಿ ಅಂಗಡಿಯ ಸಿರಿಂಜ್ ಸಾಕು. ಆಮೇಲೆ ಏರ್ ಫಿಲ್ಟರ್, ಅರ್ಧಕ್ಕೆ ನಿಂತ ಚೋಕ್ ನೋಡಿ. ಇವೆಲ್ಲ ಸರಿ ಇದ್ದೂ ಕಪ್ಪಾಗುತ್ತಿದ್ದರೆ ಮಾತ್ರ ಪ್ಲಗ್ ಬಗ್ಗೆ ಯೋಚಿಸಿ, ಅದೂ ಒಂದೇ ಮೆಟ್ಟಿಲು.

ಸರಿಯಾದ ನಂಬರಿನ ಪ್ಲಗ್ ಕೂಡ ಸಡಿಲವಾಗಿ ಕೂತರೆ ಹಾಟ್ ಪ್ಲಗ್‌ನ ಹಾಗೆಯೇ ಕಾಯುತ್ತದೆ, ಯಾಕೆಂದರೆ ಶಾಖ ಹೊರಗೆ ಹೋಗುವುದು ಥ್ರೆಡ್ ಮತ್ತು ವಾಷರ್ ಮೂಲಕ. ಇಂಜಿನ್ ತಣ್ಣಗಿರುವಾಗ ಕೈಯಲ್ಲೇ ಕೊನೆವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಹೊಸ ವಾಷರ್ ಇದ್ದರೆ ಅರ್ಧ ಸುತ್ತು. ಥ್ರೆಡ್‌ಗೆ ಗ್ರೀಸ್ ಬೇಡ, ಅಳತೆ ಮೀರಿ ಬಿಗಿಯಾಗುತ್ತದೆ. ಗ್ಯಾಪ್, ಅಂದರೆ ಕಿಡಿ ಹಾರುವ ಸಂದಿ, ಬಿಪಿಎಂಆರ್ 7ಎ ಹಾಕುವ ಬಹಳಷ್ಟು ಮೆಷಿನ್‌ಗಳಿಗೆ 0.5 ಮಿ.ಮೀ. ಹೋಂಡಾ ಜಿಎಕ್ಸ್ 160 ಇಂಜಿನ್ ಇರುವ ಪಂಪ್‌ಗೆ ಎನ್‌ಜಿಕೆ ಬಿಪಿಆರ್ 6ಇಎಸ್, ಗ್ಯಾಪ್ 0.7ರಿಂದ 0.8. ಆ ಹೆಸರಿನ ಕೊನೆಯ ಅಕ್ಷರಗಳನ್ನೂ ಓದಿ: ಇ ಅಂದರೆ ಥ್ರೆಡ್ ಉದ್ದ 19 ಮಿ.ಮೀ., ಎಚ್ ಅಂದರೆ 12.7. ಗಿಡ್ಡ ಹೆಡ್‌ಗೆ ಉದ್ದ ಪ್ಲಗ್ ಹಾಕಿದರೆ ಒಳಗೆ ಚಾಚಿದ ಥ್ರೆಡ್ ಕೆಂಡವಾಗುತ್ತದೆ, ಇಲ್ಲವೇ ಪಿಸ್ಟನ್ನೇ ಬಂದು ಗುದ್ದುತ್ತದೆ.

ಸಿದ್ದಾಪುರದ ಆ ಅಂಗಡಿಯಲ್ಲಿ ಅದೇ ಡಬ್ಬದ 4 ನಂಬರ್ ಪ್ಲಗ್‌ಗಳು ಇನ್ನೂ ಕೆಲವು ತೋಟಗಳಿಗೆ ಹೋಗಿವೆ. ಇತ್ತೀಚೆಗೆ "ಕೋಲ್ಡ್ ಪ್ಲಗ್" ಎಂದು ಹಾಕಿಸಿಕೊಂಡಿದ್ದರೆ ನಾಳೆ ಬೆಳಗ್ಗೆ ಹಗ್ಗ ಎಳೆಯುವ ಮೊದಲು ಕ್ಯಾಪ್ ತೆಗೆದು ಪಿಂಗಾಣಿಯ ಮೇಲಿನ ಅಕ್ಷರ ಒರೆಸಿ ಓದಿ. ಎನ್‌ಜಿಕೆ ಬಿಪಿಎಂಆರ್ ನಂತರ 4 ಇದ್ದು ಕೈಪಿಡಿಯಲ್ಲಿ 7 ಇದ್ದರೆ ಮೆಷಿನ್ ಸ್ಟಾರ್ಟ್ ಮಾಡಬೇಡಿ.