ಗಾಡಿಯ ಎತ್ತರ ಇಳಿಸಿಕೊಡುತ್ತೇನೆ ಎಂದವನಿಗೆ ನಾನು ತಲೆಯಾಡಿಸಿದೆ, ನೀವು ಆಡಿಸಬೇಡಿ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಎತ್ತರ ಇಳಿಸುತ್ತೇನೆ, ಕೂತರೆ ಹಾಸಿಗೆಯ ಮೇಲೆ ಕೂತಂತಿರುತ್ತದೆ ಎಂದು ತುಮಕೂರಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ಮುಂಗಡ ಕೊಡಬೇಡಿ. ನಾನು ಕೊಟ್ಟೆ. ಒಟ್ಟು 9,500 ರೂಪಾಯಿ ಕೊಟ್ಟೆ. ರಸೀದಿಯನ್ನೂ ಕೇಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಮೊನ್ನೆ ಅದೇ ಗ್ಯಾರೇಜಿನ ಮುಂದೆ ಇನ್ನೊಂದು ಹಿಮಾಲಯನ್ ನಿಂತಿದ್ದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ.

ನನ್ನ ಎತ್ತರ ಐದು ಅಡಿ ಮೂರು ಇಂಚು. ಗಾಡಿ 411 ಸಿಸಿಯದು, ಸೆಕೆಂಡ್ ಹ್ಯಾಂಡ್. ಸೀಟಿನ ಎತ್ತರ 800 ಮಿಲಿಮೀಟರ್, ತೂಕ ಹೆಚ್ಚುಕಡಿಮೆ ಎರಡು ಕ್ವಿಂಟಾಲ್. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಡುವಾಗ ಇಳಿಜಾರಿನ ಕಡೆಗೆ ಕಾಲು ಊರಲು ಹೋದೆ, ನೆಲ ಸಿಗಲಿಲ್ಲ, ಗಾಡಿಯ ಸಮೇತ ಮಗುಚಿಕೊಂಡೆ. ಎತ್ತಲು ಬಂದ ನಾಲ್ವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. "ಸಾರ್, ಸ್ಕೂಟರ್ ತೆಗೆದುಕೊಳ್ಳಬಹುದಿತ್ತಲ್ಲ" ಎಂದ. ಗ್ಯಾರೇಜ್ ಹುಡುಕಿಕೊಂಡು ಹೋಗಿದ್ದು ಆ ಮಾತಿನ ಮರುದಿನ.

ರಿಂಗ್ ರಸ್ತೆಯ ಆ ಗ್ಯಾರೇಜಿನವನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನನಗೆ ಹೆಚ್ಚು ಉರಿಯುವುದು ಅದಕ್ಕೇ. ಹಿಂದಿನ ಶಾಕ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗಿನ ಭಾಗ, ಮುಟ್ಟುವುದಿಲ್ಲ, ಅದಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಜೋಡಣೆಯಲ್ಲಿರುವ ಲಿಂಕ್ ಎಂಬ ಲೋಹದ ಪಟ್ಟಿಯನ್ನು ಉದ್ದನೆಯದು ಹಾಕುತ್ತೇನೆ ಎಂದ. ಹಿಂದೆ ಎಷ್ಟು ಇಳಿಯುತ್ತದೋ ಅದಕ್ಕೆ ತಕ್ಕಂತೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕೊಳವೆಗಳನ್ನು ಕ್ಲಾಂಪಿನಲ್ಲಿ ಮೇಲಕ್ಕೆ ಸರಿಸುತ್ತೇನೆ, ಸೈಡ್ ಸ್ಟ್ಯಾಂಡ್ ಕತ್ತರಿಸಿ ಬೆಸೆಯುತ್ತೇನೆ ಎಂದ. ಗೊತ್ತಿಲ್ಲದೆ ಕೆಡಿಸಿದ್ದರೆ ಕ್ಷಮಿಸಬಹುದಿತ್ತು. ಅವನಿಗೆ ಎಲ್ಲವೂ ಗೊತ್ತಿತ್ತು.

ಶನಿವಾರ ಸಂಜೆ ಗಾಡಿ ಸಿಕ್ಕಿತು. ಎರಡೂ ಹಿಮ್ಮಡಿ ನೆಲ ಮುಟ್ಟಿದವು. ಕಾಲಿನ ಫೋಟೋ ತೆಗೆದು ಭಾವಮೈದುನನಿಗೆ ಕಳಿಸಿದೆ, ಅಷ್ಟು ಖುಷಿ. ಬೆಳಿಗ್ಗೆ ನೋಡಿದರೆ ಗಾಡಿ ಬಲಕ್ಕೆ ಬಿದ್ದು ತುಳಸಿ ಕಟ್ಟೆಗೆ ಒರಗಿತ್ತು. ಗಾಡಿ ತಗ್ಗಿದೆ, ಸೈಡ್ ಸ್ಟ್ಯಾಂಡ್ ಮಾತ್ರ ಮೊದಲಿನಷ್ಟೇ ಉದ್ದವಿದೆ, ಮತ್ತೇನಾಗುತ್ತದೆ? ಫೋನ್ ಮಾಡಿದೆ. "ನಿಮ್ಮ ಅಂಗಳ ಸಮವಾಗಿಲ್ಲ ಸಾರ್" ಎಂದ.

ಅದೇ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ರಸ್ತೆಯ ಮೊದಲ ಉಬ್ಬಿಗೇ ಧಡ್ ಎಂದಿತು. ಬೆನ್ನುಮೂಳೆಗೆ ಸುತ್ತಿಗೆಯಲ್ಲಿ ಹೊಡೆದಂತೆ. ಎರಡನೆಯ ಉಬ್ಬಿಗೂ ಧಡ್. ತಿರುವುಗಳಲ್ಲಿ ಗಾಡಿ ಹೊರಳಲು ಒಪ್ಪುತ್ತಿರಲಿಲ್ಲ, ಹಿಂದೆ ತಗ್ಗಿ ಮುಂದೆ ಮೂತಿ ಎತ್ತಿಕೊಂಡಿತ್ತು. ನಾಮದ ಚಿಲುಮೆಯ ಹತ್ತಿರ ಅವಳು ಇಳಿದುಬಿಟ್ಟಳು. "ಇದಕ್ಕೆ ದುಡ್ಡು ಕೊಟ್ಟಿರಾ?" ಎಂದಳು. ಉತ್ತರ ಹೇಳಲಿಲ್ಲ. ಆಮೇಲೆ ಒಂದು ರಾತ್ರಿ ಶಿರಾ ಕಡೆಯಿಂದ ಬರುವಾಗ ಎದುರಿನ ಲಾರಿಗಳೆಲ್ಲ ನನಗೇ ದೀಪ ಮಿಣುಕಿಸುತ್ತಿದ್ದವು. ನನ್ನ ಹೆಡ್‌ಲೈಟ್ ಅವರ ಕಣ್ಣಿಗೇ ಬೀಳುತ್ತಿತ್ತು.

ಮೂರು ಸಲ ಫೋನ್ ಮಾಡಿದೆ. ಮೊದಲ ಸಲ, "500 ಕಿಲೋಮೀಟರ್ ಓಡಿಸಿ ಸಾರ್, ತಾನಾಗಿ ಕೂರುತ್ತದೆ." ಎರಡನೆಯ ಸಲ, "ಟೈರಿನ ಗಾಳಿ ಕಡಿಮೆ ಮಾಡಿ ನೋಡಿ." ಮೂರನೆಯ ಸಲ, "ಹಿಂದೆ ಕೂರುವವರ ತೂಕ ಎಷ್ಟು ಸಾರ್?" ನನ್ನ ಹೆಂಡತಿ ಐವತ್ತು ಕಿಲೋ ಕೂಡ ಇಲ್ಲ!

ಕೊನೆಗೆ ಕೊರಟಗೆರೆ ರಸ್ತೆಯಲ್ಲಿರುವ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ಅವರು ಸೀಟು ತೆಗೆದು, ಕೆಳಗೆ ಬಗ್ಗಿ ನೋಡಿ, "ಸ್ವಾಮಿ, ಹೊಸ ಲಿಂಕ್ ಎಲ್ಲಿ?" ಎಂದರು. ಕಂಪನಿಯ ಹಳೆಯ ಲಿಂಕ್ ಹಾಗೆಯೇ ಇತ್ತು. ಬೋಲ್ಟಿನ ಮೇಲೆ ವರ್ಷಗಳ ಜಿಡ್ಡು, ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಶಾಕ್ ಬಿಚ್ಚಿ ಸ್ಪ್ರಿಂಗನ್ನು ನನ್ನ ಕೈಗೆ ಕೊಟ್ಟರು. ತುದಿಯನ್ನು ಗ್ರೈಂಡರಿನಲ್ಲಿ ಕತ್ತರಿಸಲಾಗಿತ್ತು, ಕತ್ತರಿಸಿದ ಜಾಗ ಸುಟ್ಟು ನೀಲಿಯಾಗಿತ್ತು. ಒಂದೂವರೆ ಸುತ್ತು ಮಾಯ. ಆ ಸ್ಪ್ರಿಂಗ್ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. 9,500 ರೂಪಾಯಿಗೆ ಅವನು ಹಾಕಿದ್ದು ಏನೂ ಇಲ್ಲ. ಹಾಕಿದ್ದು ಇರಲಿ, ಇದ್ದದ್ದನ್ನೇ ಕತ್ತರಿಸಿದ್ದ.

ಹಿರಿಯರು ತಿಳಿಸಿ ಹೇಳಿದರು. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ, ಇನ್ನಷ್ಟು ಗಡುಸಾಗುತ್ತದೆ. ಮೇಲಾಗಿ ಗಾಡಿ ಮೊದಲೇ ಕೆಳಗೆ ಕೂತಿರುವುದರಿಂದ ಕುಗ್ಗಲು ಜಾಗವೇ ಉಳಿಯುವುದಿಲ್ಲ. ಈ ಗಾಡಿಯ ಹಿಂದಿನ ಚಕ್ರಕ್ಕೆ 180 ಮಿಲಿಮೀಟರ್ ಆಡುವ ಅವಕಾಶವಿದೆ. ಸವಾರ ಕೂತಾಗ ಅದರಲ್ಲಿ ಮೂರನೆಯ ಒಂದು ಪಾಲು ಕುಗ್ಗಿದರೆ ಸರಿ, ಉಳಿದದ್ದು ಹಳ್ಳಕ್ಕೆ, ಉಬ್ಬಿಗೆ ಬೇಕು. ನನ್ನದು ಕೂತ ಕೂಡಲೇ ಹೆಚ್ಚುಕಡಿಮೆ ತಳ ಕಾಣುತ್ತಿತ್ತು. ಧಡ್ ಎನ್ನುತ್ತಿದ್ದದ್ದು ಅದು.

ಸ್ಪ್ರಿಂಗ್ ಹಿಡಿದುಕೊಂಡೇ ಆ ಗ್ಯಾರೇಜಿಗೆ ಹೋದೆ. "ಏನಪ್ಪಾ ಇದು?" ಎಂದೆ. ಅವನು ಒಂದಿಷ್ಟೂ ಅಳುಕಲಿಲ್ಲ. "ಎತ್ತರ ಇಳಿಸಿ ಎಂದಿರಿ. ಇಳಿಯಿತೋ ಇಲ್ಲವೋ?" ಎಂದ. ಲಿಂಕ್ ಎಲ್ಲಿ ಎಂದೆ. "ಸ್ಟಾಕ್ ಇರಲಿಲ್ಲ, ನಿಮಗೇ ಅವಸರವಿತ್ತು." ಹಣ ವಾಪಸ್ ಕೇಳಿದೆ. "ಬಿಲ್ ತನ್ನಿ ಸಾರ್." ಬಿಲ್ ಬೇಡ, ತೆರಿಗೆ ಸೇರುತ್ತದೆ ಎಂದು ಅಂದು ಹೇಳಿದವನೂ ಇವನೇ! ಕೊನೆಗೆ ಹುಡುಗರ ಎದುರೇ, "ಕಾಲಿಗೆ ತಕ್ಕ ಗಾಡಿ ಕೊಳ್ಳಬೇಕು" ಎಂದ. ಹುಡುಗರು ನಕ್ಕರು. ಮೂಲೆಯ ತಗಡಿನ ಡಬ್ಬದಲ್ಲಿ ಕತ್ತರಿಸಿದ ಸುರುಳಿ ತುಂಡುಗಳು ನಾಲ್ಕೈದು ಬಿದ್ದಿದ್ದವು. ಎಲ್ಲವೂ ನನ್ನ ಗಾಡಿಯವಲ್ಲ.

ಲಿಂಕ್ ಹಾಕಿಸುವುದಾದರೆ ಹೊಸದನ್ನು ಕೈಯಲ್ಲಿ ಹಿಡಿದು ನೋಡಿ, ಹಳೆಯದನ್ನು ಮನೆಗೆ ತನ್ನಿ, ಬಿಚ್ಚುವಾಗ ಪಕ್ಕದಲ್ಲೇ ನಿಲ್ಲಿ. ಚಹಾ ಕುಡಿದು ಬನ್ನಿ ಸಾರ್ ಎಂದರೆ ಹೋಗಬೇಡಿ, ನಾನು ಹೋಗಿದ್ದೆ. ಅದಕ್ಕೂ ಮೊದಲು ಸೀಟು ನೋಡಿಕೊಳ್ಳಿ. ಹೊಸ ಶಾಕ್ ಹಾಕಿಸಿದ ಮೇಲೆ ಮಂಡಿಪೇಟೆಯಲ್ಲಿ ಸೀಟು ಹೊಲಿಯುವವರ ಬಳಿ ಒಂದಿಂಚು ಸ್ಪಂಜು ತೆಗೆಸಿ, ತೊಡೆ ತಾಗುವ ಬದಿಗಳನ್ನು ಸಣ್ಣ ಮಾಡಿಸಿದೆ. ಈಗ ಒಂದು ಕಾಲು ಪೂರ್ತಿ ಊರುತ್ತದೆ, ಇನ್ನೊಂದರ ಬೆರಳು ತಾಗುತ್ತದೆ. ಅಷ್ಟು ಸಾಕಿತ್ತು.

ಮುಂಗಡದ 5,000 ರೂಪಾಯಿ ಫೋನಿನಿಂದ ಹಾಕಿದ್ದೆ, ಅದರ ದಾಖಲೆಯಿದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದೊಳಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ಕೊಡಲು ಎರಡು ವರ್ಷ ಸಮಯವಿದೆ. ಆ ಮೊಂಡು ಸ್ಪ್ರಿಂಗನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಆ ಡಬ್ಬದಲ್ಲಿದ್ದ ತುಂಡುಗಳಲ್ಲಿ ನಿಮ್ಮ ಗಾಡಿಯದೂ ಒಂದಿರಬಹುದು ಎನ್ನಿಸಿದರೆ, ಶಾಕ್ ಬಿಚ್ಚಿಸಿ ನೋಡಿ. ಸ್ಪ್ರಿಂಗನ್ನು ಮಾತ್ರ ಗುಜರಿಗೆ ಹಾಕಬೇಡಿ.