ಚಿತೆ, ಗೋರಿ ಬಿಟ್ಟು ಬೇರೆ ದಾರಿಗಳು: ಒಂದು ಹೋಲಿಕೆ

ದೇಹವನ್ನು ಗೊಬ್ಬರವಾಗಿಸುವ ವಿಧಾನಕ್ಕೆ ಅಮೆರಿಕದಲ್ಲಿ ಮೊದಲು ಕಾನೂನಿನ ಒಪ್ಪಿಗೆ ಕೊಟ್ಟಿದ್ದು ವಾಷಿಂಗ್ಟನ್ ರಾಜ್ಯ, 2019ರಲ್ಲಿ. ಮುಚ್ಚಿದ ತೊಟ್ಟಿಯೊಳಗೆ ಮರದ ಚಕ್ಕೆ, ಒಣಹುಲ್ಲು, ಕುದುರೆಮಸಾಲೆ ಸೊಪ್ಪು ಹಾಸಿ ದೇಹವನ್ನು ಮಲಗಿಸುತ್ತಾರೆ. ಗಾಳಿ ಆಡುತ್ತಿದ್ದರೆ ಸಾಕು, ಸೂಕ್ಷ್ಮಜೀವಿಗಳೇ ಒಳಗಿನ ಶಾಖವನ್ನು 55 ಡಿಗ್ರಿ ದಾಟಿಸುತ್ತವೆ. ಹೆಚ್ಚಿನ ರೋಗಾಣುಗಳು ಸಾಯುವುದು ಆ ಬಿಸಿಗೇ. ಮೂಳೆಗಳನ್ನು ಪುಡಿಮಾಡಿ ಮತ್ತೆ ಅದರಲ್ಲೇ ಬೆರೆಸುತ್ತಾರೆ. ಕೆಲವು ವಾರ ಹದಗೊಂಡ ಮೇಲೆ ಸುಮಾರು ಮುಕ್ಕಾಲು ಘನ ಮೀಟರ್ ಮಣ್ಣು ಸಿಗುತ್ತದೆ. ಅಷ್ಟನ್ನು ಹಾಕಲು ಜಾಗವಿದೆಯೇ ಎಂದು ಮೊದಲೇ ಯೋಚಿಸಿ. ಎಬೋಲಾ ಅಥವಾ ಮಿದುಳನ್ನು ಹಾಳುಮಾಡುವ ಪ್ರಿಯಾನ್ ಕಾಯಿಲೆಯಿಂದ ತೀರಿಕೊಂಡವರಿಗೆ ಈ ದಾರಿ ಇಲ್ಲ.

ಅವಸರವಿದ್ದರೆ ನೀರಿನ ವಿಧಾನ ಮೇಲು. ಕ್ಷಾರ ಬೆರೆಸಿದ ಬಿಸಿನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ದೇಹ ಕರಗಿ, ಮೂಳೆಗಳಷ್ಟೇ ಮೆದುವಾಗಿ ಉಳಿಯುತ್ತವೆ. ಅವುಗಳ ಪುಡಿಯನ್ನು ಮನೆಯವರಿಗೆ ಕೊಡುತ್ತಾರೆ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಂತ್ಯಕ್ರಿಯೆ ನಡೆದದ್ದು ಹೀಗೆಯೇ. ಬೆಂಕಿಯಲ್ಲಿ ಪೇಸ್‌ಮೇಕರ್ ಸಿಡಿಯುವ ಭಯವಿರುತ್ತದೆ, ಮೊದಲೇ ತೆಗೆಯಬೇಕು. ಇಲ್ಲಿ ಆ ತೊಂದರೆಯಿಲ್ಲ. ಆದರೆ ಕರಗಿದ ನೀರು ಸಾಮಾನ್ಯವಾಗಿ ಚರಂಡಿ ವ್ಯವಸ್ಥೆಗೆ ಹೋಗುತ್ತದೆ. ಅದರಲ್ಲಿ ರೋಗಾಣುಗಳು ಉಳಿದಿರದಿದ್ದರೂ ಮನೆಯವರಲ್ಲಿ ಕೆಲವರಿಗೆ ಒಗ್ಗದು. ಅವರ ಮನಸ್ಸಿಗೂ ಬೆಲೆ ಕೊಡಬೇಕು.

ಹಸಿರು ಸಮಾಧಿ ಎಲ್ಲಕ್ಕಿಂತ ಸರಳ: ದೇಹ ಕೆಡದಂತೆ ಕಾಯುವ ರಾಸಾಯನಿಕವಿಲ್ಲ, ಕಾಂಕ್ರೀಟ್ ಇಲ್ಲ, ಹತ್ತಿಬಟ್ಟೆ ಸುತ್ತಿ ಹೂಳುವುದು. ಯಂತ್ರ ಬೇಡ, ವಿದ್ಯುತ್ ಬೇಡ. ನೆಲ ಮಾತ್ರ ಬೇಕು.

ನನ್ನ ಆಯ್ಕೆ ಹಸಿರು ಸಮಾಧಿ. ನೆಲ ಸಿಗದಿದ್ದರೆ ಗೊಬ್ಬರ. ಯಾವುದಾದರೂ ಸರಿ, ನಿಮ್ಮಲ್ಲಿ ಕಾನೂನು ಒಪ್ಪುತ್ತದೆಯೇ ನೋಡಿ, ಮನೆಯವರಿಗೆ ಈಗಲೇ ಬರೆದುಕೊಡಿ.